ಮೂರನೇ ಪಿನ್ನು ಮತ್ತು ಏಳಲೊಲ್ಲದ ಡ್ರೈವು

ಹೊಸ ಹಾರ್ಡ್ ಡ್ರೈವ್ ತಿರುಗಿತು! ಒಂಬತ್ತು ದಿನ ಆದ ಮೇಲೆ, ನಿನ್ನೆ ರಾತ್ರಿ ಕೊನೆಗೂ ತಿರುಗಿತು. ಕೇಸಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ಆ ಸಣ್ಣ ನಡುಕ ಅಂಗೈಗೆ ತಾಗಿದಾಗ ಮನೆಯವರನ್ನೆಲ್ಲ ಎಬ್ಬಿಸಿ ಹೇಳಬೇಕು ಅನ್ನಿಸಿತು.

ನನ್ನ ಮ್ಯೂಸಿಕ್ ಸರ್ವರ್‌ನಲ್ಲಿ, ಅಂದರೆ ಹಾಡುಗಳನ್ನು ಇಟ್ಟಿರುವ ಕಂಪ್ಯೂಟರ್‌ನಲ್ಲಿ, ಆಪರೇಟಿಂಗ್ ಸಿಸ್ಟಮ್‌ಗೆ ಒಂದು ಚಿಕ್ಕ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡ್ರೈವ್) ಇದೆ. ಹಾಡುಗಳಿಗೆ 2 ಟಿಬಿಯ ಹಳೇ ಹಾರ್ಡ್ ಡಿಸ್ಕ್. ಅದರಲ್ಲಿ 1.7 ಟಿಬಿ ತುಂಬಿಹೋಗಿತ್ತು. ಹಾಗಾಗಿ 8 ಟಿಬಿಯ ಹೊಸ ಡ್ರೈವ್ ತರಿಸಿದೆ. ಬೇ (ಡ್ರೈವ್ ಕೂರುವ ಗೂಡು), ಸ್ಕ್ರೂ, ಕೇಬಲ್ ಎಲ್ಲ ನಿಮಗೆ ಗೊತ್ತಿರುವುದೇ. ರಬ್ಬರ್ ವಾಷರ್ ಮಾತ್ರ ಮರೆಯಬೇಡಿ. 7200 ಆರ್‌ಪಿಎಂ ಅಂದರೆ ಸೆಕೆಂಡಿಗೆ 120 ಸುತ್ತು. ಆ 120 ಹರ್ಟ್ಸ್ ಗುಂಯ್‌ಗುಡುವಿಕೆ ತಗಡಿನ ಕೇಸಿಗೆ ಇಳಿದರೆ, ನಿಧಾನದ ಹಾಡಿನ ನಡುವೆ ಕೇಳಿಸಿಯೇ ಕೇಳಿಸುತ್ತದೆ.

ಪವರ್ ಒತ್ತಿದೆ. ಏನೂ ಇಲ್ಲ. ತಿರುಗುವ ಸದ್ದಿಲ್ಲ, ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ಬರುವ ಸೆಟ್ಟಿಂಗ್ ಪರದೆ) ಹೆಸರಿಲ್ಲ. ಲಿನಕ್ಸ್ ಲಾಗ್ ತೆರೆದರೆ ಆ ಪೋರ್ಟ್ ಮುಂದೆ ‘ಸಾಟಾ ಲಿಂಕ್ ಡೌನ್’ ಅಂತ ಒಂದೇ ಸಾಲು. ಸಾಟಾ ಅಂದರೆ ಡ್ರೈವನ್ನು ಕಂಪ್ಯೂಟರ್‌ಗೆ ಜೋಡಿಸುವ ಸಂಪರ್ಕ, ಅದು ಆಗಿಲ್ಲ ಅಂತ ಅರ್ಥ. ಡೇಟಾ ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ. ಅದೇ ಸಾಲು.

ಡ್ರೈವ್ ಡೆಡ್ ಅಂದುಕೊಂಡು ವಾಪಸ್ ಕಳಿಸಿದೆ. ಮಾರಿದವರು ಐದು ದಿನ ಬಿಟ್ಟು ಇನ್ನೊಂದು ಕಳಿಸಿದರು. ಅದೂ ಹಾಗೇ! ಫೋನ್ ಮಾಡಿದರೆ, ‘ನಮ್ಮಲ್ಲಿ ಟೆಸ್ಟ್ ಮಾಡಿದ್ದೀವಿ, ಸರಿ ಇದೆ’ ಅನ್ನುವ ಒಂದೇ ಉತ್ತರ. ಯಾವುದರಲ್ಲಿ ಟೆಸ್ಟ್ ಮಾಡಿದಿರಿ ಅಂತ ಮೂರು ಸಲ ಕೇಳಿದೆ. ಹೇಳಲಿಲ್ಲ. ಆ ಒಂದು ಮಾತು ಹೇಳಿದ್ದರೆ ನನಗೆ ನಾಲ್ಕು ದಿನ ಉಳಿಯುತ್ತಿತ್ತು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಎರಡನೇ ಡ್ರೈವನ್ನೂ ವಾಪಸ್ ಪ್ಯಾಕ್ ಮಾಡುವ ಮೊದಲು ಯುಎಸ್‌ಬಿ ಡಾಕ್‌ಗೆ (ಡ್ರೈವನ್ನು ಹೊರಗಿನಿಂದ ಜೋಡಿಸುವ ಸಾಧನ) ಹಾಕಿ ನೋಡಿದೆ. ಹಾಕಿದ ಕೂಡಲೇ ತಿರುಗಿತು. ಪೂರ್ತಿ 8 ಟಿಬಿ ಕಾಣಿಸಿತು. ಡ್ರೈವ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ರಿಪೋರ್ಟ್‌ನಲ್ಲಿ ಒಂದು ಕಲೆಯೂ ಇಲ್ಲ. ತೆಗೆದು ಸರ್ವರ್‌ಗೆ ಹಾಕಿದೆ, ಮತ್ತೆ ಮೌನ. ಅದೇ ಕೇಬಲ್ಲಿಗೆ ಹಳೇ 2 ಟಿಬಿ ಡಿಸ್ಕ್ ಚುಚ್ಚಿದರೆ ಅದು ಆರಾಮಾಗಿ ತಿರುಗುತ್ತದೆ. ಡ್ರೈವ್ ಸರಿ ಇದೆ, ಕೇಬಲ್ ಸರಿ ಇದೆ, ಎರಡೂ ಸೇರಿದರೆ ಮಾತ್ರ ಆಗಲ್ಲ. ಮಲ್ಟಿಮೀಟರ್ ಹಿಡಿದೆ. 12 ವೋಲ್ಟ್ ಇದೆ, 5 ಇದೆ, 3.3 ಕೂಡ ಇದೆ. ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಹಳೆಯದಾದರೂ ಗಟ್ಟಿಮುಟ್ಟಾಗಿದೆ.

ಆ 3.3 ವೋಲ್ಟೇ ತೊಂದರೆ ಅಂತ ಆಗ ಹೊಳೆಯಲೇ ಇಲ್ಲ.

ಉತ್ತರ ಸಿಕ್ಕಿದ್ದು ಡ್ರೈವ್‌ನ ಡೇಟಾಶೀಟ್‌ನಲ್ಲಿ, ಪಿನ್‌ಗಳ ಪಟ್ಟಿಯಲ್ಲಿ. ಸಾಟಾ ಪವರ್ ಕನೆಕ್ಟರ್‌ನಲ್ಲಿ 15 ಪಿನ್. ಡೇಟಾ ಕನೆಕ್ಟರ್ ಇರುವ ಕಡೆಯಿಂದ ಎಣಿಸಿದರೆ ಮೊದಲ ಮೂರು ಪಿನ್ 3.3 ವೋಲ್ಟ್‌ಗೆ ಅಂತಲೇ ನಾನು ಕಲಿತದ್ದು. ಈ ಪಟ್ಟಿಯಲ್ಲಿ ಮೂರನೇ ಪಿನ್ ಎದುರು ‘ಪವರ್ ಡಿಸೇಬಲ್’ ಅಂತ ಬರೆದಿತ್ತು. ಇದು 2016ರ ಸಾಟಾ 3.3 ನಿಯಮದಲ್ಲಿ ಬಂದ ಸೌಲಭ್ಯ. ಡೇಟಾ ಸೆಂಟರ್‌ನಲ್ಲಿ ಸಾವಿರಾರು ಡ್ರೈವ್ ಇರುತ್ತವೆ. ಒಂದು ಹ್ಯಾಂಗ್ ಆದರೆ ಯಾರೂ ಹೋಗಿ ಕಿತ್ತು ಹಾಕಬೇಕಿಲ್ಲ. ಮೂರನೇ ಪಿನ್ನಿಗೆ ವೋಲ್ಟೇಜ್ ಕೊಟ್ಟರೆ ಡ್ರೈವ್ ಪವರ್ ಕಡಿದುಕೊಳ್ಳುತ್ತದೆ, ತೆಗೆದರೆ ಮತ್ತೆ ಏಳುತ್ತದೆ. ಒಳ್ಳೆಯ ಯೋಚನೆ. ಆದರೆ ನನ್ನ ಎಸ್‌ಎಂಪಿಎಸ್ ಹಳೇ ನಿಯಮದ್ದು. ಕಿತ್ತಳೆ ಬಣ್ಣದ ವೈರಿನಿಂದ ಮೊದಲ ಮೂರೂ ಪಿನ್ನಿಗೆ 3.3 ವೋಲ್ಟ್ ಸದಾ ಹರಿಯುತ್ತಲೇ ಇರುತ್ತದೆ. ಅಂದರೆ ಒಂಬತ್ತು ದಿನವೂ ನನ್ನ ಸರ್ವರ್ ಆ ಡ್ರೈವಿಗೆ ‘ಮಲಗು, ಮಲಗು’ ಅನ್ನುತ್ತಿತ್ತು, ಅದು ಪಾಪ ಹೇಳಿದ ಮಾತು ಕೇಳಿಕೊಂಡು ಮಲಗಿತ್ತು! ಡಾಕ್‌ನಿಂದ ಬರುವುದು 12 ಮತ್ತು 5 ವೋಲ್ಟ್ ಮಾತ್ರ. ಅಲ್ಲಿ ಎದ್ದು ಕೂತದ್ದು ಅದಕ್ಕೇ. ಮಾರಿದವರೂ ಅಂಥದ್ದರಲ್ಲೇ ಟೆಸ್ಟ್ ಮಾಡಿರಬೇಕು, ಅಲ್ವಾ? ಡ್ರೈವಿನ ಲೇಬಲ್ ಮೇಲಾಗಲಿ, ಅವರ ವಿವರಣೆಯಲ್ಲಾಗಲಿ ಈ ವಿಷಯದ ಸುಳಿವೂ ಇಲ್ಲ. ‘ಎಲ್ಲ ಕಂಪ್ಯೂಟರ್‌ಗೂ ಹೊಂದುತ್ತದೆ’ ಅಂತ ಮಾತ್ರ ಬರೆದಿದ್ದಾರೆ. ಇದನ್ನು ಒಂದು ಸಾಲಿನಲ್ಲಿ ಬರೆಯಲೇಬೇಕು ಅಂತ ಅವರಿಗೆ ಪತ್ರ ಹಾಕಿದ್ದೇನೆ.

ಮೊದಲು ಕಾಪ್ಟನ್ ಟೇಪ್ (ಬಿಸಿ ತಾಳುವ, ಕರೆಂಟ್ ಹರಿಯಲು ಬಿಡದ ಟೇಪ್) ಪ್ರಯತ್ನಿಸಿದೆ. ಪಿನ್ನಿಂದ ಪಿನ್ನಿಗೆ ಇರುವ ದೂರ 1.27 ಮಿಲಿಮೀಟರ್. ಮೂರನೆಯದನ್ನು ಮಾತ್ರ ಮುಚ್ಚಲು ಒಂದು ಮಿಲಿಮೀಟರ್ ಪಟ್ಟಿ ಕತ್ತರಿಸಿದೆ. ಚಿಮಟದಲ್ಲಿ ಹಿಡಿದು ಅಂಟಿಸುವಷ್ಟರಲ್ಲಿ ಅದು ನಾಲ್ಕನೆಯದರ ಮೇಲೆ ಕೂತಿತ್ತು. ಮೊದಲ ಎರಡು ಪಿನ್ನೂ ಈ ಡ್ರೈವಿಗೆ ಬೇಡ ಅಂತ ಡೇಟಾಶೀಟ್ ಹೇಳುತ್ತದೆ. ಹಾಗಾಗಿ ಮೂರನ್ನೂ ಒಟ್ಟಿಗೆ ಮುಚ್ಚುವ ಅಗಲದ ಪಟ್ಟಿ ಅಂಟಿಸಿದೆ. ಡ್ರೈವ್ ತಿರುಗಿದ್ದು ಆಗಲೇ.

ಆದರೆ ಕೇಬಲ್ಲನ್ನು ಅಂದವಾಗಿ ಮಡಚಲು ಒಮ್ಮೆ ಕಿತ್ತು ಹಾಕಿದೆ ನೋಡಿ, ಟೇಪ್ ಸುರುಳಿ ಸುತ್ತಿಕೊಂಡು ಒಳಗೆ ಸಿಕ್ಕಿಕೊಂಡಿತು. ಮತ್ತೆ ಮೌನ. ವರ್ಷಗಟ್ಟಲೆ ಬಿಸಿಯಲ್ಲಿ ಓಡಬೇಕಾದ ಯಂತ್ರಕ್ಕೆ ಇದು ಸಾಲದು ಅನ್ನಿಸಿತು. ಮೋಲೆಕ್ಸ್‌ನಿಂದ (ಹಳೇ ಕಾಲದ ನಾಲ್ಕು ಪಿನ್ನಿನ ಪವರ್ ಕನೆಕ್ಟರ್) ಸಾಟಾಗೆ ಬದಲಿಸುವ ಅಡಾಪ್ಟರ್ ಹಾಕಬಹುದು, ಮೋಲೆಕ್ಸ್‌ನಲ್ಲಿ 3.3 ವೋಲ್ಟೇ ಇಲ್ಲ. ಆದರೆ ಪ್ಲಾಸ್ಟಿಕ್ ಕರಗಿಸಿ ಎರಕ ಹೊಯ್ದ ಅಗ್ಗದ ಅಡಾಪ್ಟರ್‌ಗಳಲ್ಲಿ ಒಳಗಿನ ವೈರುಗಳು ಒಂದಕ್ಕೊಂದು ತಾಗಿ ಸುಟ್ಟುಹೋದ ಉದಾಹರಣೆ ಬೇಕಾದಷ್ಟಿವೆ. ಅಂಥದ್ದನ್ನು ನನ್ನ ಹಾಡುಗಳ ಹತ್ತಿರ ಬಿಟ್ಟುಕೊಳ್ಳಲ್ಲ.

ಕೊನೆಗೆ ಮಾಡಿದ್ದು ಇಷ್ಟು. ಎಸ್‌ಎಂಪಿಎಸ್‌ನ ಪ್ಲಗ್ ಗೋಡೆಯಿಂದ ಕಿತ್ತೆ. ಕೇಬಲ್ ತುದಿಯ ಸಾಟಾ ಕನೆಕ್ಟರ್‌ನ ಹಿಂಬದಿ ಮುಚ್ಚಳ ಎಬ್ಬಿಸಿದೆ. ಕಿತ್ತಳೆ ವೈರನ್ನು ಮೆಲ್ಲಗೆ ಮೇಲೆತ್ತಿದೆ. ಆ ತುದಿಗೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ, ಕೇಬಲ್ಲಿಗೆ ಕಟ್ಟಿಬಿಟ್ಟೆ. ಅದಕ್ಕಿಂತ ಮೊದಲಿನ ಕನೆಕ್ಟರ್‌ಗೆ 3.3 ಹಾಗೇ ಬರುತ್ತದೆ, ಹಳೇ ಡಿಸ್ಕ್‌ಗೆ ತೊಂದರೆ ಇಲ್ಲ. ಹತ್ತು ಸಲ ಕಿತ್ತು ಹಾಕಿ ನೋಡಿದೆ. ಹತ್ತೂ ಸಲ ಎದ್ದಿತು.

ಫಾರ್ಮ್ಯಾಟ್ ಕೆಲಸ ಅರ್ಧ ಗಂಟೆಯೂ ಹಿಡಿಯಲಿಲ್ಲ. ಜಿಪಿಟಿ (ಡಿಸ್ಕ್ ವಿಂಗಡಣೆಯ ಪಟ್ಟಿ), ಒಂದೇ ಪಾರ್ಟಿಷನ್, ಇಎಕ್ಸ್‌ಟಿ4 (ಫೈಲ್‌ಗಳನ್ನು ಜೋಡಿಸಿಡುವ ಲಿನಕ್ಸ್ ವ್ಯವಸ್ಥೆ). ಎರಡು ವಿಷಯ ಮಾತ್ರ ಹೇಳುತ್ತೇನೆ. ಇಎಕ್ಸ್‌ಟಿ4 ಸುಮ್ನೆ ಬಿಟ್ಟರೆ ಶೇಕಡಾ 5ರಷ್ಟು ಜಾಗವನ್ನು ರೂಟ್‌ಗೆ (ಸಿಸ್ಟಮ್‌ನ ಯಜಮಾನ ಖಾತೆ) ಅಂತ ಎತ್ತಿಡುತ್ತದೆ. 8 ಟಿಬಿಯಲ್ಲಿ ಅದು 400 ಜಿಬಿ! ಹಾಡಿನ ಡಿಸ್ಕ್‌ಗೆ ಇದು ಬೇಡವೇ ಬೇಡ, ಸೊನ್ನೆ ಮಾಡಿ. ಇನ್ನೊಂದು ಐನೋಡ್, ಅಂದರೆ ಪ್ರತಿ ಫೈಲ್‌ಗೂ ಒಂದರಂತೆ ಬೇಕಾಗುವ ದಾಖಲೆ. ‘ಲಾರ್ಜ್‌ಫೈಲ್’ ಆಯ್ಕೆ ಕೊಟ್ಟರೆ 1 ಎಂಬಿಗೆ ಒಂದು ಐನೋಡ್ ಸಿಗುತ್ತದೆ, ಅಂದರೆ ಸುಮಾರು 76 ಲಕ್ಷ ಫೈಲ್‌ಗೆ ಜಾಗ. ಆಲ್ಬಂ ಚಿತ್ರಗಳನ್ನೆಲ್ಲ ಸೇರಿಸಿದರೂ ನನ್ನ ಆಯುಷ್ಯಕ್ಕೆ ಸಾಕು. ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ಗೆ ಯುಯುಐಡಿಯನ್ನೇ (ಡಿಸ್ಕ್‌ನ ಖಾಯಂ ಗುರುತು ಸಂಖ್ಯೆ) ಬರೆದೆ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳನ್ನು ನಂಬಬೇಡಿ, ಅವು ಬೂಟಿನಿಂದ ಬೂಟಿಗೆ ಅದಲುಬದಲಾಗುತ್ತವೆ.

ಇಷ್ಟು ಜಾಗ ಯಾಕೆ ಅಂತ ಕೇಳುವಿರಿ. ಮುಂದಿನ ಕೆಲಸ ಕ್ಯಾಸೆಟ್‌ಗಳದ್ದು. ಅಜ್ಜಿ ಹಾಡಿದ ಹಾಡುಗಳು ಹನ್ನೊಂದು ಕ್ಯಾಸೆಟ್‌ನಲ್ಲಿವೆ. ಬೇರೆ ಎಲ್ಲೂ ಪ್ರತಿ ಇಲ್ಲ. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಸ್ಟೀರಿಯೋ ತೆಗೆದರೆ ಗಂಟೆಗೆ 2 ಜಿಬಿ ಚಿಲ್ಲರೆ. ಪ್ರತಿ ಕ್ಯಾಸೆಟ್‌ಗೂ ಡೆಕ್ಕಿನ ಹೆಡ್ (ಟೇಪ್ ಓದುವ ಭಾಗ) ವಾಲಿಕೆ ಸರಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮೇಲಿನ ಸ್ವರಗಳು ಮಂಕಾಗುತ್ತವೆ. ಒಂದೊಂದನ್ನೂ ಎರಡು ಮೂರು ಸಲ ತೆಗೆದು, ಒಳ್ಳೆಯದನ್ನು ಇಟ್ಟುಕೊಳ್ಳುವ ಯೋಚನೆ ಇದೆ. ಅಲ್ಲಿ ಜಾಗದ ಜಿಪುಣತನ ಮಾಡಲ್ಲ. ಡೆಕ್ಕಿನ ಬೆಲ್ಟ್ ಬದಲಿಸಬೇಕು, ಸರಿಯಾದ ಅಳತೆಯದು ಇನ್ನೂ ಸಿಕ್ಕಿಲ್ಲ. ಆ ಕಥೆ ಮುಂದಿನ ಸಲ.

ಹಳೇ ಡಿಸ್ಕ್‌ನಿಂದ ಹೊಸದಕ್ಕೆ ಹಾಡುಗಳ ನಕಲು ಮುಗಿಯಲು ಐದು ಗಂಟೆ ಹತ್ತಿರ ಹಿಡಿಯಿತು. ಫ್ಲಾಕ್ ಫೈಲ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಹಾಡಿನ ಫೈಲ್) ಒಳಗೇ ಮೂಲ ಆಡಿಯೋದ ಎಂಡಿ5 (ತಾಳೆ ನೋಡುವ ಗುರುತು) ಇರುತ್ತದಲ್ಲ, ಅದನ್ನಿಟ್ಟುಕೊಂಡು ಇವತ್ತು ಬೆಳಿಗ್ಗೆಯಿಂದ ಎಲ್ಲ ಫೈಲ್ ಪರೀಕ್ಷೆ ಮಾಡಿಸಿದೆ. ಒಂದೇ ಒಂದು ಫೈಲ್ ತಪ್ಪು ಅಂತ ಬಂತು. ಹಳೇ ಡಿಸ್ಕ್‌ನಲ್ಲಿ ನೋಡಿದರೆ ಅಲ್ಲೂ ಅದು ಕೆಟ್ಟಿದೆ. ಅದರ ಸಿಡಿ ಕಪಾಟಿನಲ್ಲೇ ಇದೆ. ರಾತ್ರಿ ಊಟ ಆದ ಮೇಲೆ ಹೊಸದಾಗಿ ರಿಪ್ ಮಾಡುತ್ತೇನೆ.