ಖಾತೆ ಸಂಖ್ಯೆಯನ್ನು ನಕಲು ಮಾಡುವ ಕೆಲಸ

ಬ್ಯಾಂಕಿನ ಮೂಲಕ ಹಣ ಕಳುಹಿಸುವಾಗ ನನಗೆ ಸದಾ ಬೇಸರ ತರಿಸುತ್ತಿದ್ದುದು ಖಾತೆ ಸಂಖ್ಯೆಯನ್ನು ಕಾಗದದಲ್ಲಿ ನೋಡಿ ನೋಡಿ ಮೊಬೈಲಿನಲ್ಲಿ ಒತ್ತುವ ಕೆಲಸ. ಒಮ್ಮೆ 68 ಎಂದಿದ್ದ ಕಡೆ 86 ಒತ್ತಿಬಿಟ್ಟೆ. ಅಂಥ ಸಂಖ್ಯೆಯ ಖಾತೆಯೇ ಇರಲಿಲ್ಲವಾದ್ದರಿಂದ ಹಣವೇನೋ ಮರಳಿ ಬಂತು. ಆದರೆ ಅಷ್ಟರೊಳಗೆ ಬಿಲ್ಲಿನ ಗಡುವು ಮೀರಿತ್ತು. ಅಂದಿನಿಂದ ನಾನು ಇತರರಿಗೆ ಕಳುಹಿಸುವ ಬಿಲ್ಲುಗಳ ಕೆಳಗೆ ಕ್ಯೂಆರ್ ಕೋಡ್ ಮುದ್ರಿಸತೊಡಗಿದೆ.

1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆಯಲ್ಲಿ ಮಾಸಾಹಿರೊ ಹಾರಾ ಮತ್ತು ಅವರ ಜೊತೆಗಾರರು ಈ ಚೌಕವನ್ನು ರೂಪಿಸಿದ್ದು ವಾಹನಗಳ ಬಿಡಿಭಾಗಗಳ ಲೆಕ್ಕವಿಡಲು. ಹಣಕ್ಕೂ ಅದಕ್ಕೂ ಆಗ ಯಾವ ನಂಟೂ ಇರಲಿಲ್ಲ. ಈಗಲೂ ಅದರೊಳಗೆ ಹಣವಾಗಲಿ ಗುಪ್ತಪದವಾಗಲಿ ಇರುವುದಿಲ್ಲ, ಬರೀ ಪಠ್ಯವಿರುತ್ತದೆ. ಯುರೋಪಿನ ಬ್ಯಾಂಕ್ ವರ್ಗಾವಣೆಗೆ ಬಳಸುವ ಕೋಡನ್ನು ಬಿಚ್ಚಿ ನೋಡಿದರೆ ಮೊದಲ ಸಾಲಿನಲ್ಲಿ ‘ಬಿಸಿಡಿ’ ಎಂಬ ಮೂರಕ್ಷರ, ಮುಂದೆ ಆವೃತ್ತಿ, ಲಿಪಿಯ ಸಂಕೇತ, ವರ್ಗಾವಣೆಯ ಬಗೆ, ಬ್ಯಾಂಕಿನ ಗುರುತು, ಪಡೆಯುವವರ ಹೆಸರು, ಐಬ್ಯಾನ್ ಎಂಬ ಖಾತೆ ಸಂಖ್ಯೆ, ಮೊತ್ತ, ಕೊನೆಯಲ್ಲಿ ಬಿಲ್ಲಿನ ಉಲ್ಲೇಖ ಹೀಗೆ ಸಾಲುಸಾಲಾಗಿ ಕಾಣುತ್ತವೆ. ಇವೆಲ್ಲ ಸೇರಿ 331 ಬೈಟ್ ಮೀರುವಂತಿಲ್ಲ. ಭಾರತದ ಯುಪಿಐ ಕೋಡಿನಲ್ಲಿ ಇದೇ ವಿವರಗಳು ಒಂದು ಕೊಂಡಿಯ ರೂಪದಲ್ಲಿರುತ್ತವೆ, ಖಾತೆ ಸಂಖ್ಯೆಯ ಬದಲು ಸಾಮಾನ್ಯವಾಗಿ ಯುಪಿಐ ವಿಳಾಸವಿರುತ್ತದೆ. ಎರಡರಲ್ಲೂ ಆ್ಯಪ್ ಮಾಡುವುದು ಇಷ್ಟೇ: ಪಠ್ಯವನ್ನು ಓದಿ, ನಾವು ತುಂಬಬೇಕಿದ್ದ ಖಾನೆಗಳನ್ನು ತಾನೇ ತುಂಬಿ, ಒಪ್ಪಿಗೆಗಾಗಿ ನಮ್ಮ ಮುಂದಿಡುತ್ತದೆ.

ಐಬ್ಯಾನ್‌ನಲ್ಲಿ 97ರಿಂದ ಭಾಗಿಸಿ ತಾಳೆ ನೋಡುವ ಎರಡು ಅಂಕಿಗಳಿರುವುದರಿಂದ ನನ್ನಂಥ ಅದಲುಬದಲು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು ಎಂಬುದು ನಿಜ. ಆದರೆ ಬಿಲ್ಲಿನ ಉಲ್ಲೇಖ ಸಂಖ್ಯೆಯನ್ನು ಕೈಯಿಂದ ಬರೆಯುವಾಗ ಅಂಥ ಕಾವಲು ಎಲ್ಲ ಕಡೆಯೂ ಇರುವುದಿಲ್ಲ, ಮತ್ತು ಉಲ್ಲೇಖ ತಪ್ಪಿದ ಹಣ ಯಾರದೆಂದು ಹುಡುಕುವ ತಲೆನೋವು ಪಡೆಯುವವರದು. ನನ್ನ ಅನುಭವದಲ್ಲಿ ಕೋಡಿನ ದೊಡ್ಡ ಉಪಕಾರವಿರುವುದು ಇಲ್ಲಿಯೇ. ಉಳಿಯುವ ಅರ್ಧ ನಿಮಿಷ ಅದರ ಮುಂದೆ ಏನೇನೂ ಅಲ್ಲ.

ಮುದ್ರಣದಲ್ಲಿ ನಾನೂ ಎಡವಿದ್ದೇನೆ. ಅಂದ ಹೆಚ್ಚಲೆಂದು ಕೋಡಿನ ಅಂಚಿಗೆ ತಾಗುವಂತೆ ಗೆರೆ ಎಳೆದಿದ್ದೆ, ಕೆಲವು ಮೊಬೈಲುಗಳಿಗೆ ಅದು ಓದಲಾಗಲಿಲ್ಲ. ಸುತ್ತಲೂ ನಾಲ್ಕು ಚುಕ್ಕೆಗಳಷ್ಟು ಖಾಲಿ ಜಾಗ ಬಿಡಬೇಕೆಂಬುದು ನಿಯಮ. ಒಳಗೆ ಸ್ವಲ್ಪ ಮಸಿ ಹರಡಿದರೆ ಚಿಂತೆಯಿಲ್ಲ. ಮಧ್ಯಮ ಮಟ್ಟದ ದೋಷ ತಿದ್ದುವಿಕೆಯಿದ್ದರೂ ಸುಮಾರು ಶೇ. 15ರಷ್ಟು ಹಾನಿಯನ್ನು ಕೋಡ್ ತಾನೇ ಸರಿಪಡಿಸಿಕೊಳ್ಳುತ್ತದೆ.

ಬರೀ ಪಠ್ಯವಾಗಿರುವುದೇ ಇದರ ದೌರ್ಬಲ್ಯವೂ ಹೌದು. ಯಾರು ಬೇಕಾದರೂ ಕೋಡ್ ತಯಾರಿಸಬಹುದು, ಅಸಲಿ ಕೋಡಿನ ಮೇಲೆ ತಮ್ಮದನ್ನು ಅಂಟಿಸಬಹುದು. ಕಣ್ಣಿಗೆ ಎರಡೂ ಒಂದೇ ತರಹದ ಕಪ್ಪು ಚುಕ್ಕೆಗಳು. ಆದ್ದರಿಂದ ಒಪ್ಪಿಗೆ ಕೊಡುವ ಮುನ್ನ ತೆರೆಯ ಮೇಲಿನ ಹೆಸರನ್ನೂ ಮೊತ್ತವನ್ನೂ ಓದಲೇಬೇಕು. ‘ಹಣ ಪಡೆಯಲು ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದು ಯಾರಾದರೂ ಹೇಳಿದರೆ ಅದು ಮೋಸವೇ ಸರಿ, ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ನಾನಂತೂ ಪ್ರತಿ ಬಿಲ್ಲನ್ನು ಕಳುಹಿಸುವ ಮೊದಲು ಮನೆಯವರ ಮೊಬೈಲಿನಿಂದ ನನ್ನದೇ ಕೋಡನ್ನು ಸ್ಕ್ಯಾನ್ ಮಾಡಿ, ನನ್ನ ಹೆಸರು ಮೂಡಿದ ಮೇಲೆ ಪಾವತಿಸದೆ ಹಿಂದಕ್ಕೆ ಬರುತ್ತೇನೆ.