ರಕ್ತ ಮುಟ್ಟದ ನೀರಿನಿಂದ ಹೃದಯಕ್ಕೆ ಸೋಂಕು

ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಹೃದಯ-ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಮಷೀನಿನ ಜೊತೆಗೆ ಹೀಟರ್-ಕೂಲರ್ ಎಂಬ ಇನ್ನೊಂದು ಯಂತ್ರವೂ ಇರುತ್ತದೆ. ಅದರ ಟ್ಯಾಂಕಿನ ನೀರು ಪೈಪಿನಲ್ಲಿ ಹರಿದು ರಕ್ತವನ್ನು ತಂಪು ಮಾಡುತ್ತದೆ, ಕೊನೆಯಲ್ಲಿ ಮತ್ತೆ ಬೆಚ್ಚಗಾಗಿಸುತ್ತದೆ. ನೀರಿಗೂ ರಕ್ತಕ್ಕೂ ನಡುವೆ ಗೋಡೆಯಿರುವುದರಿಂದ ಎರಡೂ ಬೆರೆಯುವುದಿಲ್ಲ. ಈ ನೀರಿನ ಬಗ್ಗೆ ಬಹುಕಾಲ ಯಾರೂ ತಲೆಕೆಡಿಸಿಕೊಳ್ಳದಿದ್ದುದು ಅದಕ್ಕೇ.

ಆದರೆ ಈ ನೀರಿನ ಸೋಂಕು ಹಿಡಿದದ್ದು ಗಾಳಿಯ ದಾರಿಯನ್ನು. ಟ್ಯಾಂಕಿನ ನೀರು ಕಲಕಿ ಗುಳ್ಳೆ ಒಡೆದಾಗ ಕಣ್ಣಿಗೆ ಕಾಣದ ತುಂತುರು ಏಳುತ್ತದೆ. ಟ್ಯಾಂಕು ಪೂರ್ತಿ ಬಿಗಿಯಾಗಿಲ್ಲದಿದ್ದರೆ ಅದು ಹೊರಬೀಳುತ್ತದೆ, ಯಂತ್ರದ ಫ್ಯಾನು ಅದನ್ನು ದೂರಕ್ಕೆ ತಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಸಂಶೋಧಕರು ಹೊಗೆ ಬಿಟ್ಟು ನೋಡಿದಾಗ, ಶುದ್ಧ ಗಾಳಿಯ ವ್ಯವಸ್ಥೆ ಇದ್ದ ಆಪರೇಷನ್ ಥಿಯೇಟರಿನಲ್ಲೂ ಅದು 23 ಸೆಕೆಂಡಿನಲ್ಲಿ ಶಸ್ತ್ರಚಿಕಿತ್ಸೆಯ ಜಾಗ ತಲುಪಿತು. ಹೃದಯಕ್ಕೆ ಹೊಸ ವಾಲ್ವ್ (ಕವಾಟ) ಕೂರಿಸುವಾಗ ಅದರ ಮೇಲೆ ಇಂಥ ಹನಿ ಬಿದ್ದರೆ ಸೋಂಕು ತಗಲಬಹುದು.

ಆ ಹನಿಯಲ್ಲಿದ್ದದ್ದು ಮೈಕೋಬ್ಯಾಕ್ಟೀರಿಯಂ ಕೈಮೆರಾ, ಕ್ಷಯದ ಬ್ಯಾಕ್ಟೀರಿಯಾದ ದೂರದ ನೆಂಟ. ಮೇಣದಂಥ ಹೊರಕವಚ ಇರುವುದರಿಂದ ಇದು ಪೈಪಿನ ಒಳಗೋಡೆಗೆ ಲೋಳೆಪದರವಾಗಿ ಅಂಟಿಕೊಳ್ಳುತ್ತದೆ, ಸೋಂಕುನಿವಾರಕಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಜ್ಯೂರಿಚ್‌ನ ಆರು ರೋಗಿಗಳ ವರದಿ 2015ರಲ್ಲಿ ಹೊರಬಂತು. ಆಮೇಲೆ ಬೇರೆ ಬೇರೆ ದೇಶಗಳ ರೋಗಿಗಳಲ್ಲಿ ಸಿಕ್ಕ ತಳಿಗಳ ಜೀನೋಮ್ ಹೋಲಿಸಿದಾಗ ಅವು ಬಹುತೇಕ ಒಂದೇ ಆಗಿದ್ದವು. ಸ್ಟೋಕರ್ಟ್ 3ಟಿ ಎಂಬ ಹೀಟರ್-ಕೂಲರ್ ಯಂತ್ರಗಳು ತಯಾರಾಗುತ್ತಿದ್ದ ಜರ್ಮನಿಯ ಕಾರ್ಖಾನೆಯಲ್ಲೇ ನೀರು ಕೆಟ್ಟಿರಬೇಕು ಎಂಬ ತೀರ್ಮಾನಕ್ಕೆ ಇದೇ ಬಲವಾದ ಆಧಾರ. ಎಂದಮೇಲೆ ಹೊಚ್ಚಹೊಸ ಯಂತ್ರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ.

ಆಸ್ಪತ್ರೆಯವರು ಯಂತ್ರಕ್ಕೆ ನೀರು ತುಂಬುವಾಗ ನಲ್ಲಿ ನೀರು ಬಳಸಬಾರದು. ಐಸ್ ಬೇಕಾದರೂ ನಲ್ಲಿ ನೀರಿನದ್ದು ಬೇಡ. 0.22 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಿದ ನೀರೇ ಆಗಬೇಕು. ಆರ್‌ಓ ನೀರು ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ, ಅದರಿಂದ ಒಳಗಿನ ಲೋಹದ ಭಾಗಗಳು ತುಕ್ಕು ಹಿಡಿಯಬಹುದು. ನೀರು ಬದಲಿಸುವ ಮತ್ತು ಸೋಂಕು ನಿವಾರಿಸುವ ಅವಧಿ, ರಾಸಾಯನಿಕದ ಅಳತೆ ಎಲ್ಲವೂ ಆಯಾ ಮಾಡೆಲ್‌ನ ಈಗಿನ ಕೈಪಿಡಿಯಂತೆಯೇ ಇರಬೇಕು, ಪ್ರತಿ ಸಲವೂ ರಿಜಿಸ್ಟರಿನಲ್ಲಿ ಬರೆದಿಡಬೇಕು. ಪೈಪಿನ ಬಣ್ಣ ಮಾಸಿದ್ದರೆ, ನೀರು ಕದಡಿದ್ದರೆ ಯಂತ್ರವನ್ನು ಬಳಕೆಯಿಂದ ತೆಗೆಯಿರಿ.

ಇಷ್ಟೆಲ್ಲ ಮಾಡಿದರೂ ಲೋಳೆಪದರ ಪೂರ್ತಿ ಹೋಯಿತು ಎನ್ನಲಾಗದು. ನೀರಿನ ಪರೀಕ್ಷೆ ನೆಗೆಟಿವ್ ಬಂತೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ರಕ್ಷಣೆ, ಗೋಡೆಯಲ್ಲಿ ಪೈಪಿಗೆ ದಾರಿ ಮಾಡಿ ಯಂತ್ರವನ್ನು ಥಿಯೇಟರಿನ ಹೊರಗಿಡುವುದು. ಅದು ಆಗದ ಕಡೆ ಯಂತ್ರವನ್ನು ಟೇಬಲ್ಲಿನಿಂದ ಆದಷ್ಟು ದೂರವಿಟ್ಟು, ಫ್ಯಾನಿನ ಗಾಳಿ ರೋಗಿಯ ಕಡೆಗೆ ಬೀಸದೆ ಗಾಳಿ ಹೊರಹೋಗುವ ಕಿಂಡಿಯ ಕಡೆ ಹೋಗುವಂತೆ ತಿರುಗಿಸಬೇಕು.

ರೋಗ ತಲೆ ಎತ್ತುವುದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ: ಬಿಡದ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಸುಸ್ತು. ಸಾಮಾನ್ಯ ಬ್ಲಡ್ ಕಲ್ಚರ್‌ನಲ್ಲಿ (ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಇದು ಸಿಗದು. ಹಿಂದೆ ವಾಲ್ವ್ ಅಥವಾ ಗ್ರಾಫ್ಟ್ (ಕೃತಕ ರಕ್ತನಾಳ) ಹಾಕಿಸಿಕೊಂಡವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ವೈದ್ಯರು ಮೈಕೋಬ್ಯಾಕ್ಟೀರಿಯಾಕ್ಕೆಂದೇ ಇರುವ ಎಎಫ್‌ಬಿ ಕಲ್ಚರ್‌ಗೆ ರಕ್ತ ಕಳಿಸಿ ಆರರಿಂದ ಎಂಟು ವಾರ ಕಾಯಬೇಕು.