ರಿವಾಲ್ವರಿನ ತೋಟಾ, ರೈಫಲ್ಲಿನ ನಳಿಗೆ

ಹೋದ ತಿಂಗಳು ಊರಿಗೆ ಫೋನ್ ಮಾಡಿದಾಗ ದೊಡ್ಡಪ್ಪ ನಾನು ಕೊಂಡ ಕೋವಿಯ ವಿಷಯ ಬಿಟ್ಟು ಬೇರೆ ಸುದ್ದಿಯನ್ನೇ ಎತ್ತಲಿಲ್ಲ. "ಅಲ್ಲ ಮಾರಾಯ, ರೈಫಲ್ಲು ಅಂತೀಯ, ಅದಕ್ಕೆ ರಿವಾಲ್ವರಿನ ತೋಟಾ ಅಂತೀಯ, ಏನದು ಕಥೆ?" ಅಂತ ಶುರು ಮಾಡಿದರು. ಕೊಡಗಿನ ವಿರಾಜಪೇಟೆ ಹತ್ತಿರದ ನಮ್ಮ ಮನೆಯಲ್ಲಿರುವುದು ಹನ್ನೆರಡು ಬೋರಿನ ಜೋಡುನಳಿಗೆ ಕೋವಿ. ಅದಕ್ಕೆ ಚರೆ ತುಂಬಿದ ತೋಟಾ, ಚರೆಯ ಗಾತ್ರದ ಮೇಲೆ ಎಲ್‌ಜಿ, ಎಸ್‌ಜಿ, ನಾಲ್ಕನೇ ನಂಬರು, ಮುಗಿಯಿತು ಲೆಕ್ಕ. ಕೈಲ್ ಮುಹೂರ್ತ ಹಬ್ಬದ ದಿನ ಕೋವಿಗೆ ತೋಕ್ ಪೂ ಅನ್ನುವ ಹೂವು ಇಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಈಡು ಹೊಡೆಯುವುದು. ಶಿಕಾರಿ ಅಂತೂ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಜ್ಜನ ಕಾಲದ ಮಾತಾಯಿತು.

ನಾನಿರುವುದು ಅಮೆರಿಕದ ಒಹಾಯೋದಲ್ಲಿ. ಇಲ್ಲಿ ಜಿಂಕೆ ಬೇಟೆಗೆ ಪರವಾನಗಿ ಇದೆ, ಸೀಸನ್ ಇದೆ, ಜೊತೆಗೆ ಒಂದು ವಿಚಿತ್ರ ನಿಯಮ. ನಮ್ಮ ಕಡೆ ನೆಲವೆಲ್ಲ ಚಪ್ಪಟೆ, ಜೋಳ ಮತ್ತು ಸೋಯಾ ಹೊಲಗಳು, ಮಧ್ಯೆ ಮಧ್ಯೆ ಮನೆಗಳು. ದೊಡ್ಡ ರೈಫಲ್ಲಿನ ಗುಂಡು ತಪ್ಪಿದರೆ ಮೈಲುಗಟ್ಟಲೆ ಹೋಗಿ ಬೀಳುತ್ತದೆ. ಅದಕ್ಕೇ ಇಲ್ಲಿ ಬಹಳ ವರ್ಷ ಜಿಂಕೆಗೆ ರೈಫಲ್ಲೇ ಇರಲಿಲ್ಲ. ಶಾಟ್‌ಗನ್, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿ, ಬಿಲ್ಲು, ಇಲ್ಲವೆಂದರೆ ಉದ್ದ ನಳಿಗೆಯ ಕೈಗನ್ನು. 2014ರಲ್ಲಿ ಸ್ವಲ್ಪ ಸಡಿಲ ಮಾಡಿದರು. ತೋಟಾದ ಚಿಪ್ಪು ಬಾಟಲಿ ಕುತ್ತಿಗೆ ಹಾಗೆ ಸಪೂರ ಆಗಬಾರದು, ನೇರ ಕೊಳವೆ ಹಾಗಿರಬೇಕು, ಗುಂಡಿನ ಅಡ್ಡಳತೆ .357 ಇಂಚಿನಿಂದ .50 ಇಂಚಿನ ಒಳಗಿರಬೇಕು. ಅಡ್ಡಳತೆಯಲ್ಲಿ ಆ ಸಾಲಿನ ಅತಿ ಚಿಕ್ಕ ಹುಡುಗ ನಮ್ಮ .357 ಮ್ಯಾಗ್ನಮ್. ನಾನು ತೆಗೆದುಕೊಂಡಿದ್ದು ಅದರದ್ದೇ ಲಿವರ್ ರೈಫಲ್, ಅಂದರೆ ಕೆಳಗಿನ ಹಿಡಿ ಎಳೆದಾಗ ಮುಂದಿನ ತೋಟಾ ಒಳಗೆ ಬರುವಂಥದ್ದು. (ಇಲ್ಲಿಗೆ ಹೊಸದಾಗಿ ಬಂದವರು ಗಮನಿಸಿ. ಎಚ್1ಬಿ ಥರದ ವೀಸಾದಲ್ಲಿ ಇರುವವರಿಗೆ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ ನಿಜ, ಆದರೆ ವಕೀಲರನ್ನು ಕೇಳದೆ ಅಂಗಡಿಗೆ ಹೋಗಬೇಡಿ. ನಾನು ಗ್ರೀನ್ ಕಾರ್ಡ್ ಬರುವ ತನಕ ಸುಮ್ನೆ ಇದ್ದೆ.)

ಈ ತೋಟಾ 1935ರಲ್ಲಿ ಸ್ಮಿತ್ ಅಂಡ್ ವೆಸನ್ ರಿವಾಲ್ವರಿಗೆ ಅಂತ ಬಂದದ್ದು. ಹಳೆಯ .38 ಸ್ಪೆಷಲ್ ಚಿಪ್ಪನ್ನೇ ಒಂದಿಷ್ಟು ಉದ್ದ ಮಾಡಿ, ಜಾಸ್ತಿ ಒತ್ತಡಕ್ಕೆ ತುಂಬಿದರು. ಉದ್ದ ಮಾಡಿದ್ದು ಹಳೆಯ ಬಡಪಾಯಿ .38 ರಿವಾಲ್ವರಿನೊಳಗೆ ಅದು ತೂರದಿರಲಿ ಅಂತ. ಹಾಗಾಗಿ .357 ಕೋವಿಯಲ್ಲಿ .38 ಹಾಕಬಹುದು, ತಿರುಗಾಮುರುಗಾ ಮಾಡಬಾರದು. ಇಷ್ಟು ಎಲ್ಲರಿಗೂ ಗೊತ್ತು. ನಾನು ಎಡವಿದ್ದು ಅಲ್ಲಲ್ಲ.

ಡಬ್ಬಿಯ ಮೇಲೆ ಬರೆದಿರುವ ವೇಗ ನಾಲ್ಕು ಇಂಚು ನಳಿಗೆಯ ರಿವಾಲ್ವರಿನದ್ದು. 158 ಗ್ರೇನ್, ಅಂದರೆ ಹತ್ತು ಗ್ರಾಂ ಚಿಲ್ಲರೆ ತೂಗುವ ಗುಂಡು ಅಲ್ಲಿ ಸೆಕೆಂಡಿಗೆ ಸುಮಾರು 1,240 ಅಡಿ ಹೋಗುತ್ತದೆ. ಅದೇ ತೋಟಾ ಹದಿನೆಂಟು ಇಂಚಿನ ನಳಿಗೆಯಿಂದ ಹೊರಟರೆ 1,700ರಿಂದ 1,800 ಅಡಿ. ಮ್ಯಾಗ್ನಮ್ಮಿನ ಮದ್ದು ನಿಧಾನಕ್ಕೆ ಉರಿಯುವಂಥದ್ದು. ರಿವಾಲ್ವರಿನಲ್ಲಿ ಅದರ ಬಿಸಿ ಅನಿಲದ ಎಷ್ಟೋ ಒತ್ತಡ ನಳಿಗೆಯ ಬಾಯಿಯ ಹೊರಗೆ ದಂಡವಾಗುತ್ತದೆ, ಉದ್ದ ನಳಿಗೆಯಲ್ಲಿ ಅದೂ ಗುಂಡನ್ನು ತಳ್ಳುತ್ತದೆ. ಶಕ್ತಿಯ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಎರಡು ಪಟ್ಟು. ನಾನು ಇದನ್ನು ಓದಿ ಖುಷಿಪಟ್ಟೆ, ಅಷ್ಟೇ. ಗುಂಡಿಗೆ ಅದರಿಂದ ಏನಾಗುತ್ತದೆ ಅಂತ ಯೋಚನೆ ಮಾಡಲಿಲ್ಲ.

ಅಂಗಡಿಯಲ್ಲಿ ಮೊದಲು ಕೈಗೆ ಸಿಕ್ಕಿದ್ದು 125 ಗ್ರೇನಿನ ಟೊಳ್ಳುಮೂತಿ ಗುಂಡು. ಮನೆರಕ್ಷಣೆಗೆ ಅಂತ ರಿವಾಲ್ವರಿಗೆ ಮಾಡಿದ್ದು, ಹೆಸರುವಾಸಿ ಕೂಡ. ಹಗುರ ಇದೆ, ವೇಗ ಇದೆ, ಒಳ್ಳೆಯದೇ ಅಲ್ವಾ ಅಂದುಕೊಂಡೆ. ಒಂದು ಶನಿವಾರ ಪರಿಚಯದ ರೈತರೊಬ್ಬರ ಹೊಲದಲ್ಲಿ ಮಣ್ಣಿನ ದಿಬ್ಬದ ಮುಂದೆ ಒಂದು ಗ್ಯಾಲನ್ ಹಾಲಿನ ಕ್ಯಾನುಗಳಿಗೆ ನೀರು ತುಂಬಿಸಿ, ಒಂದರ ಹಿಂದೊಂದು ಸಾಲಾಗಿ ಇಟ್ಟು ಹೊಡೆದೆ. ಮೊದಲ ಕ್ಯಾನು ಬಾಂಬಿನ ಹಾಗೆ ಸಿಡಿಯಿತು, ನೋಡಲು ಬಹಳ ಚೆನ್ನಾಗಿತ್ತು. ಎರಡನೆಯದು ಒಡೆಯಿತು. ಮೂರನೆಯದರ ತಳದಲ್ಲಿ ತಾಮ್ರದ ಚಕ್ಕೆ, ಸೀಸದ ಚೂರು, ಅದರಾಚೆ ಏನೂ ಇಲ್ಲ. ರಿವಾಲ್ವರಿನ 1,450 ಅಡಿಗೆ ಹದವಾಗಿ ಅರಳಲಿ ಅಂತ ಮಾಡಿದ ಗುಂಡು ಎರಡು ಸಾವಿರ ದಾಟಿದರೆ ಅರಳುವುದಿಲ್ಲ, ಪುಡಿಯಾಗುತ್ತದೆ. ಜಿಂಕೆಯ ಭುಜದ ಮೂಳೆಗೆ ಇದು ತಾಗಿದ್ದರೆ ಮೇಲೆ ಮೇಲೆ ದೊಡ್ಡ ಗಾಯ ಮಾಡಿ ನಿಲ್ಲುತ್ತಿತ್ತು. ಪ್ರಾಣಿ ಓಡಿಹೋಗಿ ಎಲ್ಲೋ ಎರಡು ದಿನ ನರಳಿ ಸಾಯುವುದು. ನೆನೆಸಿಕೊಂಡರೆ ಹೊಟ್ಟೆ ತೊಳಸುತ್ತದೆ.

ಮುಂದಿನ ವಾರ 158 ಗ್ರೇನಿನದ್ದು ತಂದೆ. ಮೈಗೆ ತಾಮ್ರದ ಕವಚ, ಮೂತಿಯಲ್ಲಿ ಮಾತ್ರ ಸೀಸ ಬರಿದಾಗಿ ಕಾಣುತ್ತದೆ, ಇವರು ಸಾಫ್ಟ್ ಪಾಯಿಂಟ್ ಅನ್ನುವುದು ಅದನ್ನೇ. ಹೊಡೆದಾಗ ಮೊದಲಿನಷ್ಟು ತಮಾಷೆ ಇಲ್ಲ. ಆದರೆ ಐದನೇ ಕ್ಯಾನಿನಲ್ಲಿ ಗುಂಡು ಇಡಿಯಾಗಿ ಸಿಕ್ಕಿತು, ಮೂತಿ ಅಣಬೆ ಥರ ಬಿಚ್ಚಿಕೊಂಡಿತ್ತು. ಅವತ್ತೇ ನನ್ನ ತೀರ್ಮಾನ ಆಯಿತು. ರಿವಾಲ್ವರಿನಲ್ಲಿ ಸರಿಯಾಗಿ ಅರಳುವುದಿಲ್ಲ ಅಂತ ಜನ ಬೈಯುವ ಈ ಗಟ್ಟಿ ಗುಂಡೇ ರೈಫಲ್ಲಿನ ವೇಗಕ್ಕೆ ಸರಿಹೊಂದುತ್ತದೆ.

180 ಗ್ರೇನಿನ ಹಾರ್ಡ್ ಕಾಸ್ಟ್ ಅಂತಲೂ ಸಿಗುತ್ತದೆ. ಗಟ್ಟಿ ಮಿಶ್ರಲೋಹದ್ದು, ಅರಳುವುದೇ ಇಲ್ಲ, ಭೈರಿಗೆ ಹಾಗೆ ಕೊರೆದುಕೊಂಡು ಆಚೆ ಹೋಗುತ್ತದೆ. ಕರಡಿ ಇರುವ ಕಾಡಿನವರಿಗೆ ಅದು ಬೇಕೇನೋ. ಜಿಂಕೆಯ ಹಿಂದೆ ಯಾರದ್ದೋ ಕೊಟ್ಟಿಗೆ ಇರುವ ನಮ್ಮಂಥ ಜಾಗಕ್ಕೆ ನನಗೆ ಬೇಡ ಅನಿಸಿತು. ಮೆತ್ತನೆ ಸೀಸದ ಬೋಳು ಗುಂಡನ್ನಂತೂ ಮ್ಯಾಗ್ನಮ್ ವೇಗದಲ್ಲಿ ಹೊಡೆಯಬೇಡಿ. ನಳಿಗೆಯೊಳಗೆ ಸೀಸ ಮೆತ್ತಿಕೊಂಡು ಗುರಿ ಕೆಡುತ್ತದೆ, ಅದನ್ನು ಉಜ್ಜಿ ತೆಗೆಯಲು ಇಡೀ ಭಾನುವಾರ ಬೇಕು.

ಮೂತಿಯ ಆಕಾರದ ವಿಷಯ ಇನ್ನೂ ಮುಖ್ಯ. ಲಿವರ್ ರೈಫಲ್ಲಿನಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗಿರುತ್ತವೆ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ತಳದ ಬಿಲ್ಲೆಗೆ, ತಾಗಿಕೊಂಡೇ ಇರುತ್ತದೆ. ಮೂತಿ ಚೂಪಾಗಿದ್ದರೆ ಈಡಿನ ಒದೆತಕ್ಕೆ ಅದೇ ಸೂಜಿಯಾಗಿ ಕೇಪನ್ನು ಚುಚ್ಚಬಹುದು. ಆಮೇಲೆ ನಿಮ್ಮ ಎಡಗೈ ಇರುವ ಜಾಗದಲ್ಲೇ ಸಿಡಿಯುತ್ತದೆ. ಅದಕ್ಕೆ ಚಪ್ಪಟೆ ಮೂತಿಯದ್ದೇ ತೆಗೆದುಕೊಳ್ಳಿ. ಹಾರ್ನಡಿಯವರ ಲೆವರೆವಲ್ಯೂಷನ್ ಚೂಪಾಗಿದೆಯಲ್ಲ ಅಂತ ಕೇಳಬಹುದು. ಅದರ ತುದಿ ರಬ್ಬರಿನ ಹಾಗೆ ಬಗ್ಗುತ್ತದೆ, ಈ ಕೊಳವೆಗೆ ಅಂತಲೇ ಮಾಡಿದ್ದು.

ಎಲ್ಲ ಓದಿ ಆರಿಸಿದರೂ ಕೋವಿ ಒಪ್ಪಬೇಕಲ್ಲ! ನನ್ನದು ಮೂರು ಥರದ ತೋಟಾ ನುಂಗಿತು, ನಾಲ್ಕನೆಯದನ್ನು ಉಗುಳಿತು. ಭುಜದ ಹತ್ತಿರ ಚೂಪು ಅಂಚು ಇರುವ ಸೆಮಿ ವಾಡ್‌ಕಟರ್ ಗುಂಡು ಅದು. ಲಿವರ್ ಎಳೆದಾಗ ಆ ಅಂಚು ಚೇಂಬರಿನ, ಅಂದರೆ ನಳಿಗೆಯ ಹಿಂದೆ ತೋಟಾ ಕೂರುವ ಗೂಡಿನ, ಬಾಯಿಗೆ ಕಚ್ಚಿಕೊಂಡು ಅಡ್ಡ ನಿಂತಿತು. ಚಳಿಯಲ್ಲಿ ಮರಗಟ್ಟಿದ ಬೆರಳಲ್ಲಿ ಅದನ್ನು ಬಿಡಿಸಲು ಹೋಗಿ ಉಗುರು ಕಿತ್ತುಕೊಂಡೆ. ಮನೆಗೆ ಬಂದರೆ ಹೆಂಡತಿ, "ಇದಕ್ಕೇನಾ ಬೆಳಗ್ಗೆ ನಾಲ್ಕಕ್ಕೆ ಎದ್ದು ಹೋದದ್ದು?" ಅಂದಳು. ಉತ್ತರ ಇರಲಿಲ್ಲ. ಮೂತಿಯೇ ಇಲ್ಲದೆ ತಲೆ ಪೂರ್ತಿ ಚಪ್ಪಟೆಯಾದ ವಾಡ್‌ಕಟರ್ ಇನ್ನೂ ಕಷ್ಟ, ಅದನ್ನು ಪ್ರಯತ್ನ ಕೂಡ ಮಾಡಿಲ್ಲ. ಹೊಸ ತೋಟಾ ತಂದರೆ ಒಂದೇ ಡಬ್ಬಿ ತನ್ನಿ, ಇಪ್ಪತ್ತಾದರೂ ಲಿವರ್ ಎಳೆದು ಹೊಡೆದು ನೋಡಿ, ಆಮೇಲೆ ಜಾಸ್ತಿ ತನ್ನಿ.

ಅಭ್ಯಾಸಕ್ಕೆ ನಾನು .38 ಸ್ಪೆಷಲ್ ಬಳಸುತ್ತೇನೆ. ಅಗ್ಗ, ಒದೆತ ಇಲ್ಲ ಅಂದರೂ ನಡೆಯುತ್ತದೆ, ಉದ್ದ ನಳಿಗೆಯಲ್ಲಿ ಸದ್ದೂ ಕಡಿಮೆ. ಎರಡು ತಲೆನೋವು ಮಾತ್ರ ಇವೆ. ಚಿಪ್ಪು ಗಿಡ್ಡ ಆದ್ದರಿಂದ ಚೇಂಬರಿನಲ್ಲಿ ಅದು ಮುಗಿಯುವ ಜಾಗದಲ್ಲಿ ಮಸಿಯ ಉಂಗುರ ಕಟ್ಟುತ್ತದೆ. ಅದನ್ನು ಬ್ರಷ್ ಹಾಕಿ ತೆಗೆಯದಿದ್ದರೆ ಆಮೇಲೆ .357 ಒಳಗೆ ಕೂರಲು ಮುನಿಸಿಕೊಳ್ಳುತ್ತದೆ. ಇನ್ನೊಂದು, ಗುರಿ. ನೂರು ಗಜಕ್ಕೆ .357ರಲ್ಲಿ ಹೊಂದಿಸಿದ ಕೋವಿಯಲ್ಲಿ .38 ಹೊಡೆದರೆ ಒಂದು ಅಡಿಗೂ ಜಾಸ್ತಿ ಕೆಳಗೆ ಬೀಳುತ್ತದೆ. ಮೊದಲ ಸಲ ನೋಡಿದಾಗ ಕೋವಿಯೇ ಕೆಟ್ಟಿತು ಅಂದುಕೊಂಡು ಗುರಿ ನೋಡುವ ಸೈಟನ್ನು ತಿರುಗಿಸಿ ತಿರುಗಿಸಿ ಎಲ್ಲ ಹಾಳು ಮಾಡಿದ್ದೆ. ಹಾಗೆಯೇ, ಬಹಳ ಮೆದುವಾಗಿ ತುಂಬಿದ ತೋಟಾ ಹೊಡೆದಾಗ ಸದ್ದು ಪುಸ್ಸೆಂದರೆ ಅಲ್ಲಿಗೇ ನಿಲ್ಲಿಸಿ. ಖಾಲಿ ಮಾಡಿ, ನಳಿಗೆಯಲ್ಲಿ ಗುಂಡು ಸಿಕ್ಕಿಕೊಂಡಿದೆಯಾ ಅಂತ ನೋಡಿ, ಆಮೇಲೆ ಮುಂದಿನ ಮಾತು.

ಈಗ ಕಪಾಟಿನಲ್ಲಿ 158 ಗ್ರೇನಿನ ಸಾಫ್ಟ್ ಪಾಯಿಂಟ್ ನಾಲ್ಕು ಡಬ್ಬಿ ಇದೆ, ನಾಲ್ಕೂ ಒಂದೇ ಲಾಟ್ ನಂಬರಿನದು, ಅಂದರೆ ಒಂದೇ ಕಂತಿನಲ್ಲಿ ತಯಾರಾದದ್ದು. ಒಂದು ಡಬ್ಬಿ ಗುರಿ ಹೊಂದಿಸುವುದರಲ್ಲೇ ಖಾಲಿಯಾಗುತ್ತದೆ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರ ಇಲ್ಲಿ ಕೋವಿ ಬೇಟೆಯ ಸೀಸನ್ ಶುರು. ನಿಯಮದ ಪ್ರಕಾರ ಕೋವಿಯಲ್ಲಿ ಮೂರಕ್ಕಿಂತ ಜಾಸ್ತಿ ತೋಟಾ ಇರಬಾರದು, ನೂರು ಗಜದ ಆಚೆ ನಾನು ಹೊಡೆಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ದೊಡ್ಡಪ್ಪ, "ಬರುವಾಗ ಆ ಖಾಲಿ ಚಿಪ್ಪು ಒಂದು ತಾ, ನೋಡುವ" ಅಂದರು. ಲಗೇಜಿನಲ್ಲಿ ಖಾಲಿ ಚಿಪ್ಪು ಸಿಕ್ಕರೂ ಏರ್‌ಪೋರ್ಟಿನಲ್ಲಿ ಕೂರಿಸಿ ವಿಚಾರಣೆ ಮಾಡುತ್ತಾರೆ ಅಂತ ಹೇಳಿ, ಒಂದು ರೂಪಾಯಿ ನಾಣ್ಯದ ಪಕ್ಕ ಅದನ್ನು ನಿಲ್ಲಿಸಿ ಫೋಟೋ ತೆಗೆದು ಕಳಿಸಿದ್ದೇನೆ. "ಇಷ್ಟೇ ಇಷ್ಟಾ?" ಅಂತ ವಾಪಸ್ ಮೆಸೇಜ್ ಬಂತು.